ಅಳಿವೆಯ ತೀರದ ಅಂತೇವಾಸಿಗಳು

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಯಾವ ಅಣೆಕಟ್ಟಿನ ತಡೆಯನ್ನೂ ಕಾಣದೆ, ಕುಮಟಾ ತಾಲೂಕಿನ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳಿಗೆ ಸಲ್ಲುವ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತುದು ಸಂತೋಷದ ಸಂಗತಿ. ಕಾಲೇಜಿನ ತರುಣ ತರುಣಿಯರು ಕೆಲವು ವಾರಗಳ ಮಟ್ಟಿಗೆ ಇಂಟರ್ನ್‌ಗಳಾಗಿ ಕರಾವಳಿಯ ಸಂರಕ್ಷಿತ ತಾಣಗಳಿಗೆ ಬಂದು, ಶಾಲೆಯ ಮಕ್ಕಳಿಗೆ ನಿಸರ್ಗದ ಪಾಠ ಹೇಳುವ ಪದ್ಧತಿಯ ಯೋಗ್ಯತೆಯನ್ನು ಒರೆಗೆ ಹಚ್ಚುವುದಕ್ಕೆ ಈ ಅಳಿವೆಗಿಂತ ತಕ್ಕ ನಿಕಷ ನನಗೆ ಬೇರೆ ತೋರದು.

ಪದ್ಧತಿಯ ಮೂಲದಲ್ಲಿರುವ ಉದ್ದೇಶ ಶ್ಲಾಘ್ಯವಾದುದು. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಬೀಜ ತಾಯಿಮರದಲ್ಲಿ ತೂಗುತ್ತಿರುವಾಗಲೇ ಮೊಳೆತು, ನೀಳವಾಗಿ ಬೆಳೆದು, ಕೆಳಗೆ ಬಿದ್ದ ಮೇಲೆ ಬೇರೂರಲು ಸಿದ್ಧವಾಗಿಯೇ ಇರುವುದನ್ನೂ, ಗಾಳಿಯಾಡದ ಕೆಸರಿನಲ್ಲಿ ಬದುಕಬೇಕಾದ ಉಪ್ಪುನೀರಿನ ಮರಗಳು ಉಸಿರುಬೇರುಗಳನ್ನು ಮೇಲಕ್ಕೆ ಚಾಚಿರುವುದನ್ನೂ ಕಣ್ಣಾರೆ ಕಂಡ ಮಗುವಿಗೆ ದೊರೆಯುವ ವಿಸ್ಮಯವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಅದನ್ನು ತೋರಿಸುವ ತರುಣನೂ, ತೋರಿಸುವ ಸಲುವಾಗಿಯೇ, ಮೊದಲ ಬಾರಿಗೆ ನಿಜವಾಗಿ ನೋಡಲು ಕಲಿಯುತ್ತಾನೆ.

ಆದರೆ ಸಮುದ್ರದ ಉಬ್ಬರವಿಳಿತಗಳ ವೇಳೆ ದಿನದಿನವೂ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಸರಿಯುತ್ತ ಹೋಗುವಾಗ, ಶಾಲೆಯ ಬಸ್ಸು ಮಾತ್ರ ತನ್ನ ನಿಯತ ವೇಳೆಗೇ ಬರುತ್ತದೆ. ನೀರೇರಿ ಬೇರುಗಳೆಲ್ಲ ಮುಳುಗಿದ ಹೊತ್ತಿನಲ್ಲಿ ಬಂದ ಮಕ್ಕಳಿಗೆ ಚಿತ್ರಫಲಕ ತೋರಿಸಿ ಕಳುಹಿಸುವುದು ಬೋಧನೆಯೆನಿಸದು. ಹೊನ್ನಾವರದ ಕಾಸರಕೋಡಿನಲ್ಲಿ, ಶರಾವತಿಯ ಕಾಂಡ್ಲಾವನದ ನಡುವೆ ಹಾಸಿರುವ ಕಾಲುಸೇತುವೆ ಬೇರುಗಳನ್ನು ತುಳಿತದಿಂದ ಕಾಪಾಡುತ್ತದೆ, ಅದು ಮೆಚ್ಚತಕ್ಕದ್ದೇ. ಆದರೆ ಅದರ ಮೇಲೆ ನಿಂತು ಮರಗಳ ಲ್ಯಾಟಿನ್ ನಾಮಾವಳಿಯನ್ನು ಒಪ್ಪಿಸುವ ಅಭ್ಯಾಸವನ್ನು ನಾನು ಮೆಚ್ಚಲಾರೆ.

ಇದಕ್ಕಿಂತಲೂ ಗುರುತರವಾದ ದೋಷ ಇನ್ನೊಂದುಂಟು: ಊರವರ ಅರಿವು ಈ ಪಾಠದಿಂದ ಹೊರಗೇ ಉಳಿದಿದೆ. ಇಳಿತದ ಹೊತ್ತಿಗೆ ಅಘನಾಶಿನಿಯ ನೀರಿಗಿಳಿದು, ಕೈಕಾಲುಗಳ ಸ್ಪರ್ಶದಿಂದಲೇ ಕೆಸರಿನೊಳಗಿನ ಬಳಚೆಂಬ ಚಿಪ್ಪುಜೀವಿಯನ್ನು ಗುರುತಿಸಿ ಹೆಕ್ಕುವ ಹೆಂಗಸರಿಗೆ ಈ ನೀರಿನ ಉಪ್ಪು, ಸೆಳವು, ತಳದ ಮರಳು ಇವುಗಳ ವಿಷಯದಲ್ಲಿ ಇರುವ ಜ್ಞಾನ, ಊರಿಗೆ ಹೊಸಬನಾದ ಪದವೀಧರನಿಗೆ ಇರುವುದು ಅಸಾಧ್ಯ. ಹಾಗೆಯೇ, ಅಳಿವೆಯಂಚಿನ ತಗ್ಗುಗದ್ದೆಗಳಾದ ಗಜನಿಯ ರೈತರು ಮಳೆಗಾಲದಲ್ಲಿ, ನೀರಿನ ಉಪ್ಪು ತಗ್ಗಿದಾಗ, ಕಗ್ಗ ಭತ್ತವನ್ನು ಬೆಳೆಯುತ್ತಾರೆ. ನೆರೆಯನ್ನೂ ಉಪ್ಪನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಬಳಿಕ ಅದೇ ಗದ್ದೆಗೆ ಉಪ್ಪುನೀರು ಹರಿದುಬಂದು, ಕೊಳೆಯುವ ಕೂಳೆ ಸಿಗಡಿ ಮೀನುಗಳ ಆಹಾರಕ್ಕೆ ಒದಗುತ್ತದೆ. ಅನ್ನವೂ ಮತ್ಸ್ಯವೂ ಒಂದೇ ನೆಲದಲ್ಲಿ ಸರದಿಯಂತೆ ಹುಟ್ಟುವ ಇಂಥ ವ್ಯವಸ್ಥೆಗಿಂತ ಉತ್ತಮವಾದ ಪರಿಸರಪಾಠ ಎಲ್ಲಿದೆ? ಬೇಸಗೆಯ ರಜೆಯಲ್ಲಿ ಬಂದು, ಮಳೆ ಹಿಡಿಯುವ ಮೊದಲೇ ಹಿಂದಿರುಗುವ ಇಂಟರ್ನ್ ಕಗ್ಗದ ಒಂದು ತೆನೆಯನ್ನೂ ಕಾಣುವುದಿಲ್ಲ. ಅವನ ವರದಿಯಲ್ಲಿ ಎಷ್ಟು ಶಾಲೆಗಳು, ಎಷ್ಟು ಮಕ್ಕಳು ಎಂಬ ಲೆಕ್ಕವೇ ಪ್ರಧಾನವಾಗುತ್ತದೆ.

ಪದ್ಧತಿಯನ್ನು ಕೈಬಿಡಬೇಕೆಂಬುದು ನನ್ನ ಮತವಲ್ಲ. ಇಂದಿನ ರೂಪದಲ್ಲಿ ಅದು ಅಪೂರ್ಣವೆಂಬುದೇ ನನ್ನ ನಿರ್ಣಯ. ಇಂಟರ್ನ್‌ಗಳನ್ನು ಕರೆಸಿಕೊಳ್ಳುವ ಸಂಸ್ಥೆಗಳಲ್ಲಿ ನನ್ನ ಬಿನ್ನಹವಿಷ್ಟೆ: ಅವರನ್ನು ಒಂದು ಮಳೆಗಾಲದುದ್ದಕ್ಕೂ ಇರಿಸಿಕೊಳ್ಳಿರಿ, ಬಸ್ಸಿನ ವೇಳೆಯನ್ನು ಇಳಿತದ ವೇಳೆಗೆ ಹೊಂದಿಸಿರಿ, ಬಳಚು ಹೆಕ್ಕುವ ತಾಯಂದಿರನ್ನು ಗುರುಗಳೆಂದು ಆಹ್ವಾನಿಸಿ, ಅವರ ಒಂದು ದಿನದ ದುಡಿಮೆಗೆ ಕಡಿಮೆಯಾಗದ ಗೌರವಧನವನ್ನು ಸಲ್ಲಿಸಿರಿ.