ಮುದಿ ಅರಸನ ಪಶ್ಚಾತ್ತಾಪವೇ ‘ಪ್ರಸಂಗಿ’?

ಯೌವನದಲ್ಲಿ ಪ್ರೇಮಗೀತೆ, ನಡುವಯಸ್ಸಿನಲ್ಲಿ ನೀತಿಮಾತು, ಮುಪ್ಪಿನಲ್ಲಿ ಎಲ್ಲವೂ ವ್ಯರ್ಥವೆಂಬ ನುಡಿ. ಬೈಬಲಿನ ಪರಮಗೀತ, ಜ್ಞಾನೋಕ್ತಿಗಳು, ಪ್ರಸಂಗಿ ಎಂಬ ಮೂರು ಪುಸ್ತಕಗಳನ್ನು ಸೊಲೊಮೋನ ಅರಸನ ಆಯುಷ್ಯದ ಮೂರು ಘಟ್ಟಗಳಿಗೆ ಹೀಗೆ ಹಂಚಿಕೊಟ್ಟವರು ರಬ್ಬಿ ಯೋನಾತಾನ್. ಪರಮಗೀತದ ಮೇಲಿನ ಮಿದ್ರಾಷ್ ವ್ಯಾಖ್ಯಾನದಲ್ಲಿ ಈ ಮಾತು ಉಳಿದುಬಂದಿದೆ. ಮೂರನ್ನೂ ಅವನು ಮುಪ್ಪಿನಲ್ಲೇ ರಚಿಸಿದ ಎಂಬ ಇನ್ನೊಂದು ವಾದ ಅಲ್ಲೇ ಪಕ್ಕದಲ್ಲಿದ್ದರೂ ಜನಮನದಲ್ಲಿ ನಿಂತದ್ದು ಮೊದಲನೆಯದೇ. ಯೆಹೂದಿ ಧರ್ಮಶಾಸ್ತ್ರಗ್ರಂಥ ತಾಲ್ಮುಡ್ ಅದಕ್ಕೊಂದು ಕಥೆಯನ್ನೂ ಸೇರಿಸಿತು: ಅಷ್ಮೆದಾಯ್ ಎಂಬ ದೆವ್ವಗಳ ಅರಸ ಸೊಲೊಮೋನನನ್ನು ಸಿಂಹಾಸನದಿಂದ ಎತ್ತಿ ದೂರ ಎಸೆಯುತ್ತಾನೆ, ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡುತ್ತಾ, ಒಂದು ಕಾಲಕ್ಕೆ ತಾನು ಅರಸನಾಗಿದ್ದೆ ಎಂದು ಅವನು ಹೇಳಿಕೊಂಡು ತಿರುಗುತ್ತಾನೆ. ಪ್ರಸಂಗಿಯ ಮೊದಲ ಅಧ್ಯಾಯದ ಒಂದು ವಾಕ್ಯವೇ ಬೆಳೆದು ಕಥೆಯಾದದ್ದು ಹೀಗೆ.

ಈ ಸಂಪ್ರದಾಯಕ್ಕೆ ನಾವು ಋಣಿಗಳು. ಪ್ರಸಂಗಿ ಪವಿತ್ರಗ್ರಂಥ ಹೌದೋ ಅಲ್ಲವೋ ಎಂಬ ಜಗಳ ಯೆಹೂದಿ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ದಾಖಲಾಗಿದೆ. ಶಮ್ಮಾಯಿಯ ಪಂಥ ಒಪ್ಪಲಿಲ್ಲ, ಹಿಲ್ಲೇಲನ ಪಂಥ ಒಪ್ಪಿತು. ಮಾತಿಗೆ ಮಾತು ವಿರೋಧವಾಗಿದೆಯೆಂದು ಅದನ್ನು ಬದಿಗಿಡಲು ಪಂಡಿತರು ಯೋಚಿಸಿದ್ದರು ಎಂದು ತಾಲ್ಮುಡ್ ಹೇಳುತ್ತದೆ. ಅಂಥ ಪುಸ್ತಕ ಉಳಿಯಲು ಸೊಲೊಮೋನನ ಹೆಸರು ನೆರವಾಗಿರಲೇಬೇಕು. ಆದರೆ ಉಳಿಸಿದ ಹೆಸರೇ ಮುಂದೆ ಪುಸ್ತಕದ ಬಾಯಿ ಕಟ್ಟಿತು.

ಪುಸ್ತಕದಲ್ಲಿ ಸೊಲೊಮೋನ ಎಂಬ ಹೆಸರು ಒಮ್ಮೆಯೂ ಬರುವುದಿಲ್ಲ. ಅದರಲ್ಲಿ ಮಾತಾಡುವ ‘ಪ್ರಸಂಗಿ’ಗೆ ದಾವೀದನ ಮಗ, ಯೆರೂಸಲೇಮಿನ ಅರಸ ಎಂದಷ್ಟೇ ಪರಿಚಯ. ಎರಡನೆಯ ಅಧ್ಯಾಯದಲ್ಲಿ ಅರಮನೆ, ದ್ರಾಕ್ಷಿತೋಟ, ಕೆರೆ, ಬೆಳ್ಳಿಬಂಗಾರ ಎಲ್ಲವೂ ಇವೆ. ಅಲ್ಲಿಗೆ ಅರಸನ ವೇಷ ಮುಗಿಯಿತು. ಉಳಿದ ಹತ್ತು ಅಧ್ಯಾಯಗಳಲ್ಲಿ ಅರಸನೆಂದರೆ ದೂರದಲ್ಲಿರುವ, ಎಚ್ಚರದಿಂದ ನಡೆದುಕೊಳ್ಳಬೇಕಾದ ಇನ್ನೊಬ್ಬ. ಕ್ರಿ.ಶ. 1644ರಲ್ಲಿ ಡಚ್ ವಿದ್ವಾಂಸ ಹ್ಯೂಗೊ ಗ್ರೋಷಿಯಸ್ ಭಾಷೆಯ ಆಧಾರದಿಂದಲೇ ಇದು ಸೊಲೊಮೋನನ ಕೃತಿಯಲ್ಲವೆಂದ. ಪರ್ಷಿಯನ್ ಮೂಲದ ಪದಗಳು, ಅರಾಮಿಕ್ ಛಾಯೆಯ ಹೀಬ್ರೂ, ಇವು ಕ್ರಿ.ಪೂ. 10ನೇ ಶತಮಾನದ ಅರಸನ ಬಾಯಿಂದ ಬರಲಾರವು. ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಇದರ ತುಣುಕು ಕ್ರಿ.ಪೂ. 2ನೇ ಶತಮಾನದ್ದು. ಅದಕ್ಕೆ ಮೊದಲಿನ ಎರಡು ಮೂರು ಶತಮಾನಗಳೊಳಗೆ ಕೃತಿ ಹುಟ್ಟಿತೆಂದು ಇಂದಿನ ಬಹುಪಾಲು ವಿದ್ವಾಂಸರು ನಂಬುತ್ತಾರೆ.

ಕಾಲನಿರ್ಣಯಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮುದಿ ಸೊಲೊಮೋನನ ಪಶ್ಚಾತ್ತಾಪವೆಂಬ ಓದು ಪುಸ್ತಕಕ್ಕೆ ಮಾಡಿದ ಗಾಯ. ಪ್ರಸಂಗಿ ಮತ್ತೆ ಮತ್ತೆ, ಐದಾರು ಕಡೆ, ಉಣ್ಣು, ಕುಡಿ, ದುಡಿಮೆಯಲ್ಲಿ ಸುಖಪಡು, ಇದು ದೇವರ ಕೊಡುಗೆ ಎನ್ನುತ್ತಾನೆ. ಪಾಪಕ್ಕೆ ಮರುಗುವ ಮುದುಕ ಇದನ್ನು ಹೇಳಬಹುದೇ? ಹೇಳಬಾರದೆಂದು ವ್ಯಾಖ್ಯಾನಕಾರರೇ ತೀರ್ಮಾನಿಸಿದರು. ಈ ಪುಸ್ತಕದ ಮಿದ್ರಾಷ್ ಊಟ ಪಾನವೆಂದರೆ ಧರ್ಮಗ್ರಂಥದ ಅಧ್ಯಯನ ಮತ್ತು ಸತ್ಕಾರ್ಯ ಎಂದಿತು. ಬ್ಲೇಸಿಲ್ಲಾ ಎಂಬ ತರುಣಿಯಲ್ಲಿ ಲೋಕದ ಬಗ್ಗೆ ವಿರಕ್ತಿ ಹುಟ್ಟಿಸಲೆಂದು ರೋಮಿನಲ್ಲಿ ಈ ಪುಸ್ತಕವನ್ನು ಓದಿ ಹೇಳಿದ್ದ ಕ್ರೈಸ್ತ ವಿದ್ವಾಂಸ ಜೆರೋಮ್, ಮುಂದೆ ಬರೆದ ವ್ಯಾಖ್ಯಾನದಲ್ಲಿ ಅದೇ ಊಟವನ್ನು ಕ್ರಿಸ್ತನ ದೇಹ ರಕ್ತವಾಗಿಸಿದ. ಪೋಪ್ ಮಹಾ ಗ್ರೆಗರಿಯ ಪ್ರಕಾರ ಸೊಲೊಮೋನ ಇಲ್ಲಿ ಹಲವರ ದನಿಗಳನ್ನು ಅನುಕರಿಸಿ ಮಾತಾಡುತ್ತಾನೆ, ಹಿಡಿಸದ ಮಾತು ಅಲ್ಪಮತಿಗಳದ್ದು. ಪುಸ್ತಕದ ಅತ್ಯಂತ ಬೆಚ್ಚಗಿನ ವಾಕ್ಯಗಳು ಹೀಗೆ ಒಂದೊಂದಾಗಿ ಕೈತಪ್ಪಿದವು.

ಇದಕ್ಕಿಂತ ದೊಡ್ಡ ನಷ್ಟ ನಾಲ್ಕನೆಯ ಅಧ್ಯಾಯದ ಆರಂಭದಲ್ಲಾಗಿದೆ. ಅಲ್ಲಿ ಪ್ರಸಂಗಿ ದಬ್ಬಾಳಿಕೆಗೆ ಸಿಕ್ಕವರ ಕಣ್ಣೀರನ್ನು ನೋಡುತ್ತಾನೆ. ಬಲವೆಲ್ಲ ದಬ್ಬಾಳಿಕೆ ಮಾಡುವವರ ಕಡೆಗಿದೆ, ಸಂತೈಸುವವರು ಯಾರೂ ಇಲ್ಲ. ಸಂತೈಸುವವರಿಲ್ಲ ಎಂಬುದನ್ನು ಎರಡು ಬಾರಿ ಹೇಳುತ್ತಾನೆ. ಈಗ ಸೊಲೊಮೋನನ ಚರಿತ್ರೆ ತೆಗೆದು ನೋಡಿ. ಅರಸುಗಳ ಮೊದಲನೆಯ ಗ್ರಂಥದ ಪ್ರಕಾರ ಅವನು ಬಿಟ್ಟಿದುಡಿಮೆಗೆ ಹಿಡಿಸಿದ ಇಸ್ರಾಯೇಲ್ಯರು 30,000; ಪಾಳಿಯ ಮೇಲೆ ತಿಂಗಳಿಗೆ 10,000 ಮಂದಿ ಲೆಬನೋನಿಗೆ ಹೋಗಬೇಕಿತ್ತು. ಅವನು ಸತ್ತೊಡನೆ ಜನ ಅವನ ಮಗ ರೆಹಬ್ಬಾಮನ ಮುಂದೆ ನಿಂತು ತಂದೆ ಹೊರಿಸಿದ ನೊಗ ಹಗುರ ಮಾಡೆಂದು ಬೇಡಿಕೊಂಡರು. ಅದು ಸಿಗದೆ ರಾಜ್ಯವೇ ಒಡೆಯಿತು. ಆ ಕಣ್ಣೀರಿಗೆ ಕಾರಣನಾದವನು, ಒರೆಸುವ ಅಧಿಕಾರವೂ ಇದ್ದವನು, ಅಸಹಾಯಕ ಪ್ರೇಕ್ಷಕನಂತೆ ಹೀಗೆ ಬರೆದನೆಂದರೆ ಆ ಸಾಲುಗಳು ಸುಳ್ಳಾಗುತ್ತವೆ. ಅಧಿಕಾರವಿಲ್ಲದವನೊಬ್ಬ ಬರೆದನೆಂದರೆ ಮಾತ್ರ ಅವು ಇಂದಿಗೂ ಸುಡುತ್ತವೆ.

ಸಂಪ್ರದಾಯದ ಓದು ಹೊಳೆಯುವ ಜಾಗವೂ ಒಂದಿದೆ. ಸಾವಿರದಲ್ಲಿ ಒಬ್ಬ ಗಂಡಸನ್ನು ಕಂಡೆ, ಹೆಂಗಸನ್ನು ಕಾಣಲಿಲ್ಲ ಎಂಬ ಏಳನೆಯ ಅಧ್ಯಾಯದ ಕಹಿಮಾತಿಗೆ ಸೊಲೊಮೋನನ 700 ಪತ್ನಿಯರು, 300 ಉಪಪತ್ನಿಯರ ಲೆಕ್ಕ ಎಷ್ಟು ಚೆನ್ನಾಗಿ ಕೂಡುತ್ತದೆ! ಆ ಪ್ರತಿಧ್ವನಿ ಆಕಸ್ಮಿಕವಲ್ಲದಿರಬಹುದು. ಆದರೆ ಎರಡೇ ಅಧ್ಯಾಯ ದಾಟಿದರೆ ಅದೇ ದನಿ ಪ್ರೀತಿಸುವ ಹೆಂಡತಿಯೊಬ್ಬಳೊಂದಿಗೆ ಬಾಳುವ ಸುಖವನ್ನು ಹೊಗಳುತ್ತದೆ. ಜೀವನಚರಿತ್ರೆಯ ಓದಿಗೆ ಇಲ್ಲಿ ಉತ್ತರವಿಲ್ಲ.

ಇಷ್ಟಕ್ಕೂ ಪಶ್ಚಾತ್ತಾಪ ಎಲ್ಲಿಂದ ಬಂತು? ಅರಸುಗಳ ಗ್ರಂಥದ ಸೊಲೊಮೋನ ಮುಪ್ಪಿನಲ್ಲಿ ಕೆಮೋಷನಂಥ ಅನ್ಯದೇವತೆಗಳಿಗೆ ಪೂಜಾಸ್ಥಳ ಕಟ್ಟಿಸುತ್ತಾನೆ, ದೇವರ ಕೋಪಕ್ಕೆ ಗುರಿಯಾಗುತ್ತಾನೆ, ಸಾಯುತ್ತಾನೆ. ಮರುಗಿದ ಸುದ್ದಿಯೇ ಇಲ್ಲ. ಬೈಬಲಿನ ಇನ್ನೊಂದು ಚರಿತ್ರೆ ಪೂರ್ವಕಾಲವೃತ್ತಾಂತವಂತೂ ಅವನ ತಪ್ಪನ್ನೇ ಹೇಳುವುದಿಲ್ಲ. ಚರಿತ್ರೆ ಬಿಟ್ಟ ಖಾಲಿ ಜಾಗಕ್ಕೆ ಪ್ರಸಂಗಿಯನ್ನು ತಂದು ತುಂಬಿ, ಹಾಗೆ ತುಂಬಿದ ಚರಿತ್ರೆಯಿಂದಲೇ ಮತ್ತೆ ಪ್ರಸಂಗಿಯನ್ನು ವಿವರಿಸಿದರು. ಮೂರು ಘಟ್ಟಗಳ ಹಂಚಿಕೆಯಲ್ಲಿ ನಡುವಯಸ್ಸಿನ ಪಾಲಿಗೆ ಬಂದ ಜ್ಞಾನೋಕ್ತಿಗಳಾದರೋ ಒಬ್ಬನದೇ ಕೃತಿಯೆಂದು ತಾನೇ ಹೇಳಿಕೊಳ್ಳುವುದಿಲ್ಲ. ಅದರಲ್ಲಿ ಆಗೂರನ ಮಾತಿದೆ, ಲೆಮೂವೇಲನಿಗೆ ತಾಯಿ ಕಲಿಸಿದ ಮಾತಿದೆ, ಹಿಜ್ಕೀಯ ಅರಸನ ಜನ ನಕಲು ಮಾಡಿದ ಭಾಗವಿದೆ.

ಪ್ರಸಂಗಿಯ ಕೊನೆಯಲ್ಲಿ ಇನ್ನೊಬ್ಬರ ದನಿ ಕೇಳುತ್ತದೆ. 12ನೇ ಶತಮಾನದ ಫ್ರಾನ್ಸಿನ ಯೆಹೂದಿ ವ್ಯಾಖ್ಯಾನಕಾರ ರಷ್ಬಾಮ್, ಪುಸ್ತಕದ ಆರಂಭ ಮುಕ್ತಾಯಗಳು ಜೋಡಿಸಿದವರ ಮಾತುಗಳೆಂದು ಆಗಲೇ ಗುರುತಿಸಿದ್ದರು. 1977ರಲ್ಲಿ ವಿದ್ವಾಂಸ ಮೈಕೆಲ್ ಫಾಕ್ಸ್ ಈ ಚೌಕಟ್ಟಿನ ನಿರೂಪಕನನ್ನೇ ಹಿಡಿದು ಇಡೀ ಕೃತಿಯನ್ನು ಓದಿದರು. ಆ ಕೊನೆಯ ದನಿ ಪ್ರಸಂಗಿಯನ್ನು ಅರಸನೆನ್ನುವುದಿಲ್ಲ. ಅವನು ಜ್ಞಾನಿ, ಜನರಿಗೆ ಕಲಿಸಿದವನು, ಗಾದೆಗಳನ್ನು ತೂಗಿ ಶೋಧಿಸಿ ಕ್ರಮಪಡಿಸಿದವನು, ಸರಿಯಾದ ಮಾತಿಗಾಗಿ ಹುಡುಕಿದವನು ಎನ್ನುತ್ತದೆ.