ಬೆನ್ನ ಹಿಂದೆ ನಿಂತವರು

ಕಲಬುರಗಿ ಜಿಲ್ಲೆ, ಜೇವರ್ಗಿ ತಾಲ್ಲೂಕಿನ ಅಂದೋಲಾ ಸೀಮೆಯ ಮದುವೆ, ಜಾತ್ರೆಗಳ ಪಂಕ್ತಿ ಊಟವನ್ನು ಕೊಂಡಾಡುವವರು ಅದರ ಸಮಾನತೆಯನ್ನು ಕೊಂಡಾಡುತ್ತಾರೆ. ಅದರ ಅವಸರದ ಬಗ್ಗೆ ಮಾತಿಲ್ಲ. ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು ಎಲ್ಲ ಮುಗಿಸಿ ಸಾಲು ಏಳಲು ಕಾಲು ಗಂಟೆ ಸಾಕು. ಹಸಿವೇ ಕಾರಣವೆಂದರೆ ಅರ್ಧ ಸತ್ಯ. ತಾಟಿನಲ್ಲಿ ಏನಿದೆ, ಬಡಿಸುವವನ ಬಕೆಟ್ ಎಷ್ಟು ಬೇಗ ಬರುತ್ತದೆ, ಬೆನ್ನ ಹಿಂದೆ ಯಾರು ಕಾಯುತ್ತಿದ್ದಾರೆ ಎಂಬುದೇ ಹೆಚ್ಚಾಗಿ ತುತ್ತಿನ ವೇಗವನ್ನು ಗೊತ್ತುಮಾಡುತ್ತದೆ.

ತಾಟಿನಿಂದಲೇ ಶುರುಮಾಡೋಣ. ಜೋಳದ ಖಡಕ್ ರೊಟ್ಟಿ ಅವಸರಕ್ಕೆ ಒಗ್ಗುವ ಪದಾರ್ಥವಲ್ಲ. ಮುರಿಯಬೇಕು, ಶೇಂಗಾ ಹಿಂಡಿ ಮೊಸರಿಗೆ ಹಚ್ಚಬೇಕು, ದವಡೆ ತನ್ನ ಕೆಲಸ ಮುಗಿಸುವತನಕ ಮುಂದಿನ ತುತ್ತು ಕಾಯಬೇಕು. ಪುಂಡಿಪಲ್ಯದ ಜೊತೆ ಬಿಸಿ ರೊಟ್ಟಿಯೂ ತುಸು ಹೊತ್ತು ಬೇಡುತ್ತದೆ. ಸಾರು ಕಲಸಿದ ಅನ್ನಕ್ಕೆ ಈ ತಡೆಯೇ ಇಲ್ಲ, ಅಗಿಯದೆಯೂ ಇಳಿದುಹೋಗುತ್ತದೆ. 2013ರಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿ ಬಡವರ ಒಲೆ ಉರಿಸಿತು, ಅದನ್ನು ಹಳಿಯುವುದು ಹೊಟ್ಟೆ ತುಂಬಿದವರ ಚಟ. ಆದರೆ ಜೋಳದ ಸೀಮೆಯ ತಾಟು ಮೆತ್ತಗಾದದ್ದೂ ನಿಜ. ಅಮೆರಿಕದಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸು, ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಿದ್ಧ ತಿನಿಸಿನ ದಿನಗಳಲ್ಲಿ ಅವರು ಬೇಗಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚೂ ತಿಂದರು. ನಮ್ಮ ಅನ್ನ ಕಾರ್ಖಾನೆಯ ತಿನಿಸಲ್ಲ, ಒಪ್ಪಿದೆ. ಆದರೂ ಮೆತ್ತಗಿದ್ದದ್ದು ಬೇಗ ಇಳಿಯುತ್ತದೆಂಬುದು ಇಲ್ಲಿಗೂ ಸಲ್ಲುವ ಮಾತು.

ತಾಟಿನಿಂದ ಈಗ ಸಾಲಿಗೆ ಬರೋಣ. ಇದೇ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಸಂತ ಶರಣಬಸವೇಶ್ವರರ ನೆನಪಿನಲ್ಲಿ ದಾಸೋಹವೆಂದರೆ ಈ ಭಾಗಕ್ಕೆ ಬರೀ ಅನ್ನದಾನವಲ್ಲ. ಪ್ರಸಾದವೆಂದು ಉಂಡಾಗ ಅಗುಳು ಬಿಡುವಂತಿಲ್ಲ. ತಾಟು ತೊಳೆದ ನೀರನ್ನೂ ಕುಡಿಯುವ ಹಿರಿಯರಿದ್ದಾರೆ. ಕೈಯನ್ನು ಹಿಡಿದು ನಿಲ್ಲಿಸುವ ಈ ಶಿಸ್ತು ನನಗೆ ಯಾವ ಪಥ್ಯದ ಪುಸ್ತಕಕ್ಕಿಂತ ಮೇಲೆನಿಸುತ್ತದೆ. ಜನ ತುಂಬಿದ ದಿನ ಮಾತ್ರ ಅದು ನಡೆಯದು. ಎರಡನೇ ಪಂಕ್ತಿ ಆಗಲೇ ಬಂದು ನಿಂತಿರುತ್ತದೆ. ‘ಮಜ್ಜಿಗಿ ಹಾಕ್ಲೇನ್ರಿ?’ ಎಂಬ ಪ್ರಶ್ನೆ ಕೇಳಲು ಉಪಚಾರ, ಅರ್ಥದಲ್ಲಿ ‘ಏಳ್ರಿ ಇನ್ನ’. ಎಲ್ಲರೂ ಒಟ್ಟಿಗೆ ಏಳಬೇಕೆಂಬ ರೂಢಿಯೂ ಸೇರಿ, ಹಲ್ಲಿಲ್ಲದ ಮುತ್ಯಾ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿಕೊಂಡು ಕೂತಿರುವಾಗಲೇ ಪಕ್ಕದವರ ಕೈ ಒಣಗಿರುತ್ತದೆ. ಸಮಾನತೆ ಇಲ್ಲಿ ಗಟ್ಟಿ ಹಲ್ಲಿನವರ ಪರ.

 

ಪಂಕ್ತಿಯ ದೊಡ್ಡ ದೋಷ ಕಾಣುವುದು ಸಾಲಿನಲ್ಲಲ್ಲ, ಅಡುಗೆಯ ಪೆಂಡಾಲಿನ ಹಿಂದೆ. ನಸುಕಿನಿಂದ ರೊಟ್ಟಿ ಬಡಿದ ಹೆಣ್ಣುಮಕ್ಕಳು ಎಲ್ಲರದ್ದೂ ಮುಗಿದ ಮೇಲೆ, ಉಳಿದದ್ದನ್ನು, ಪಾತ್ರೆ ತೊಳೆಯುವ ಕೆಲಸ ಕಾದಿರುವಾಗ ಉಣ್ಣುತ್ತಾರೆ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು, ನಿಧಾನಕ್ಕೆ ಅಗಿದು ತಿನ್ನಿ ಎಂದು ವೈದ್ಯರು ಹೇಳುತ್ತಾರೆ. ಆ ಬುದ್ಧಿಮಾತು ಇವರಿಗೆ ಹೇಳಿ ಏನು ಫಲ? ಹೇಳಬೇಕಾದ್ದು ಪಂಕ್ತಿ ಹೂಡುವ ಯಜಮಾನರಿಗೆ: ರೊಟ್ಟಿ ಮುಗಿಯುವ ಮುಂಚೆ ಅನ್ನದ ಬಕೆಟ್ ಹೊರಡಿಸಬೇಡಿ, ಮುದುಕರಿಗೆ ಒಂದು ಬೇರೆ ಸಾಲು ಹಾಕಿ, ರೊಟ್ಟಿ ಬಡಿದವರನ್ನು ಮೊದಲ ಪಂಕ್ತಿಗೆ ಕೂಡಿಸಿ ನೀವೇ ಬಡಿಸಿ.