ನಂದಿಸೀಮೆಯ ಎರಡು ನಾಮಕರಣಗಳು

ಚೋಳರ ಆಳಿಕೆಯನ್ನೂ ಆಂಗ್ಲರ ಆಳಿಕೆಯನ್ನೂ ಪರಾಧಿಪತ್ಯವೆಂಬ ಒಂದೇ ಮಾತಿನಿಂದ ತೂಗುವ ವಾಡಿಕೆಯುಂಟು. ರೈಸರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಭಾಗಗಳನ್ನು ಓದಿದವರಿಗೆ ಈ ತೂಕ ಸಾಲದೆಂದು ತೋರದಿರದು.

ಹನ್ನೊಂದನೆಯ ಶತಮಾನದಲ್ಲಿ ಚೋಳರು ಈ ಸೀಮೆಗೆ ಚಾಚಿದ್ದ ನೊಳಂಬವಾಡಿಗೆ ‘ನಿಗರಿಲಿ ಚೋಳಮಂಡಲ’ವೆಂದು ತಮ್ಮ ಬಿರುದನ್ನೇ ಹೊದಿಸಿದರು. ಆಂಗ್ಲರಾದರೋ ಬೌರಿಂಗನ ಕಾಲದಲ್ಲಿ (1862–70) ಬೆಂಗಳೂರು, ಕೋಲಾರ, ತುಮಕೂರುಗಳನ್ನು ಕೂಡಿಸಿ ‘ನಂದಿದುರ್ಗ ವಿಭಾಗ’ವೆಂದರು, ಅದು 1791ರಲ್ಲಿ ಕಾರ್ನ್‌ವಾಲಿಸನ ಸೇನೆಯು ಲಗ್ಗೆಯಿಟ್ಟು ಹಿಡಿದ ಬೆಟ್ಟದ ಹೆಸರು.

ನಾಡಿನ ಹೆಸರನ್ನು ಉಳಿಸಿದ ಮಾತ್ರಕ್ಕೆ ಆಂಗ್ಲರು ಸೌಮ್ಯರೆನ್ನುವುದು ಅವಸರದ ತೀರ್ಪು. ಚೋಳರ ದತ್ತಿಗಳು ಸ್ಥಳದ ದೇವತೆಗೇ ಸಂದುವು. ನೆರೆಯ ಕೋಲಾರಮ್ಮನ ಗುಡಿಯಲ್ಲಿರುವಂತೆ ಅವುಗಳ ಲೆಕ್ಕವನ್ನು ಕಲ್ಲಿನ ಮೇಲೆ ತಮಿಳಿನಲ್ಲಿ ಕೊರೆದರು. ಕಮಿಷನರನ ವರದಿಗಳು ಇಂಗ್ಲಿಷಿನಲ್ಲಿ ಕಲ್ಕತ್ತೆಗೆ ಹೋದುವು. ಇಲ್ಲಿಯ ಕನ್ನಡ, ತೆಲುಗು ಒಕ್ಕಲುಗಳಿಗೆ ಎರಡೂ ಅನ್ಯರ ಬರಹಗಳೇ; ಆದರೆ ಮೊದಲನೆಯದು ಊರಿನ ಕಣ್ಣೆದುರಿಗಿತ್ತು, ಎರಡನೆಯದು ಕಚೇರಿಯಲ್ಲಿ ಅಡಗಿತ್ತು. ಆದುದರಿಂದ ಸಾಮ್ರಾಜ್ಯಗಳನ್ನು ಹೋಲಿಸುವ ವಿಮರ್ಶಕನು ಹೆಸರುಗಳನ್ನು ಮಾತ್ರ ನೋಡದೆ, ಲೆಕ್ಕವನ್ನು ಎಲ್ಲಿ, ಯಾರಿಗೆ ಒಪ್ಪಿಸುತ್ತಿದ್ದರೆಂಬುದನ್ನೂ ಕೇಳಬೇಕು.